ಡೊಮೇನ್ ಹೆಸರಿಗೆ ಗಿರಾಕಿ ಬಂದಾಗ

ವ್ಯಾಪಾರದಲ್ಲಿ ಹೆಸರಿಗೆ ಬೆಲೆಯುಂಟು ಎಂಬುದು ವರ್ತಕರಿಗೆ ಹೊಸ ಸಂಗತಿಯೇನಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಾಗಲಿ, ಹುಬ್ಬಳ್ಳಿಯ ದುರ್ಗದಬೈಲಿನಲ್ಲಾಗಲಿ, ಹಳೆಯ ಬಾಡಿಗೆದಾರನು ಮಳಿಗೆಯನ್ನು ಬಿಟ್ಟುಕೊಡುವಾಗ ಗುಡ್‌ವಿಲ್ ಎಂದೋ ಪಗಡಿ ಎಂದೋ ಒಂದು ಮೊತ್ತ ಕೈ ಬದಲಾಯಿಸುವುದು ಬಹುಕಾಲದಿಂದ ನಡೆದುಬಂದ ರೂಢಿ. ಕಟ್ಟಡ ಅವನದಲ್ಲ. ಆದರೂ ಆ ಜಾಗದಲ್ಲಿ ಕುಳಿತು ವ್ಯಾಪಾರ ಮಾಡುವ ಹಕ್ಕಿಗೆ ಬೆಲೆ ಕಟ್ಟಲಾಗುತ್ತದೆ. ಅಂತರ್ಜಾಲದ ಡೊಮೇನ್ ಹೆಸರಿನ ಮಾರಾಟವೂ ಸ್ವಭಾವದಲ್ಲಿ ಇಂಥದೇ ವ್ಯವಹಾರವಾಗಿದೆ. ಹೆಸರನ್ನು ನೋಂದಾಯಿಸಿಕೊಂಡವನು ಅದರ ಶಾಶ್ವತ ಒಡೆಯನಲ್ಲ. ಡಾಟ್ ಕಾಂ ಹೆಸರುಗಳ ಮೂಲ ದಫ್ತರವನ್ನು ಅಮೆರಿಕದ ವೆರಿಸೈನ್ ಸಂಸ್ಥೆಯೂ, ಡಾಟ್ ಇನ್ ಹೆಸರುಗಳ ದಫ್ತರವನ್ನು ನಮ್ಮ ದೇಶದ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್, ಅಂದರೆ ನಿಕ್ಸಿ ಸಂಸ್ಥೆಯೂ ನಿರ್ವಹಿಸುತ್ತವೆ. ರಿಜಿಸ್ಟ್ರಾರ್ ಎಂಬ ಮಧ್ಯವರ್ತಿ ಕಂಪನಿಗೆ ಶುಲ್ಕ ಕಟ್ಟಿದಷ್ಟು ಕಾಲ, ಒಮ್ಮೆಗೆ ಹೆಚ್ಚೆಂದರೆ 10 ವರ್ಷಗಳವರೆಗೆ, ಹೆಸರನ್ನು ಬಳಸುವ ಹಕ್ಕು ದೊರೆಯುತ್ತದೆ. ಮಾರಾಟಕ್ಕೆ ಬರುವುದು ಈ ಹಕ್ಕು ಮಾತ್ರ.

2005ರ ಫೆಬ್ರವರಿಯಲ್ಲಿ ಡಾಟ್ ಇನ್ ನೋಂದಣಿಯನ್ನು ಎಲ್ಲರಿಗೂ ಮುಕ್ತಗೊಳಿಸಲಾಯಿತು. ಆ ಸುಮಾರಿನಲ್ಲಿ ಜಾಲತಾಣ ಮಾಡಿಸಿಕೊಂಡ ಸಣ್ಣ ಕೈಗಾರಿಕೆಗಳು ಕರ್ನಾಟಕದಲ್ಲಿ ಕಡಿಮೆಯೇನಿಲ್ಲ. ಅಂದು ಸುಲಭವಾಗಿ ಸಿಕ್ಕ ನಾಲ್ಕೈದು ಅಕ್ಷರಗಳ ಚಿಕ್ಕ ಹೆಸರುಗಳು ಇಂದು ಹೊಸಬರಿಗೆ ಸಿಗುವುದು ಕಷ್ಟ. ಹೀಗಾಗಿ ಯಾವುದೋ ಒಂದು ದಿನ ಕಾರ್ಖಾನೆಯ ಇ-ಮೇಲ್‌ಗೆ ಒಂದು ಸಾಲಿನ ಪತ್ರ ಬರುತ್ತದೆ: ಈ ಡೊಮೇನ್ ಹೆಸರನ್ನು ತಾವು ಮಾರುವಿರಾ? ಮಾಲೀಕರು ಇದನ್ನು ಮೋಸವೆಂದು ಬಗೆದು ಅಳಿಸಿಹಾಕುವುದುಂಟು. ಇಲ್ಲವೇ ಪತ್ರಿಕೆಗಳಲ್ಲಿ ಓದಿದ ಕೋಟಿಗಳನ್ನು ನೆನೆದು, ಬಾಯಿಗೆ ಬಂದ ಅಂಕಿಯನ್ನು ಬರೆದು ಕಳುಹಿಸುವುದೂ ಉಂಟು. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿ. ಅದರ ಕಾರಣವನ್ನು ಮುಂದೆ ವಿವರಿಸಲಾಗಿದೆ.

ದೊಡ್ಡ ಅಂಕಿಗಳ ಹಿಂದೆ ಏನಿದೆ?

ಪತ್ರಿಕೆಗಳಲ್ಲಿ ಬರುವ ಮೊತ್ತಗಳು ಸುಳ್ಳಲ್ಲ. ಮೈಕ್ರೊಸ್ಟ್ರಾಟಜಿ ಎಂಬ ಅಮೆರಿಕದ ತಂತ್ರಾಂಶ ಕಂಪನಿಯು 2019ರಲ್ಲಿ ವಾಯ್ಸ್ ಡಾಟ್ ಕಾಂ ಹೆಸರನ್ನು 3 ಕೋಟಿ ಡಾಲರುಗಳಿಗೆ ಮಾರಿತು. ಟೆಸ್ಲಾ ಕಾರು ಕಂಪನಿಯು ಬಹುಕಾಲ ಟೆಸ್ಲಾಮೋಟರ್ಸ್ ಎಂಬ ಉದ್ದನೆಯ ವಿಳಾಸದಲ್ಲೇ ಕೆಲಸ ಸಾಗಿಸಿ, 2016ರಲ್ಲಿ ಟೆಸ್ಲಾ ಡಾಟ್ ಕಾಂ ಅನ್ನು ಪಡೆಯಿತು. ಇದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮತ್ತು 1.1 ಕೋಟಿ ಡಾಲರ್ ತಗುಲಿತೆಂದು ಕಂಪನಿಯ ಮುಖ್ಯಸ್ಥ ಈಲಾನ್ ಮಸ್ಕ್ 2018ರಲ್ಲಿ ತಿಳಿಸಿದರು.

ವಾಣಿಜ್ಯ ಸಂಸ್ಥೆಗಳ ಸದಸ್ಯರಿಗೆ ಇವೆರಡಕ್ಕಿಂತ ಹತ್ತಿರವೆನಿಸುವ ಉದಾಹರಣೆ ಅಮೆರಿಕದ ರೈತ ಸಂಘಟನೆಯಾದ ಅಮೆರಿಕನ್ ಫಾರ್ಮ್ ಬ್ಯೂರೊ ಫೆಡರೇಷನ್‌ನದು. ತನ್ನ ಹೆಸರಿನ ಮೊದಲಕ್ಷರಗಳಿಂದಾದ ಎಫ್‌ಬಿ ಡಾಟ್ ಕಾಂ ಅದರ ಬಳಿ ಇತ್ತು. ಅದೇ ಎರಡು ಅಕ್ಷರಗಳು ಫೇಸ್‌ಬುಕ್ ಕಂಪನಿಗೂ ಬೇಕಾದವು. 2010ರಲ್ಲಿ ಹೆಸರು ಕೈ ಬದಲಾಯಿತು. ಇದರಿಂದ 85 ಲಕ್ಷ ಡಾಲರ್ ಬಂದಿತೆಂಬುದು 2011ರ ಜನವರಿಯಲ್ಲಿ ಹೊರಬಿತ್ತು. ಗಮನಿಸತಕ್ಕ ವಿಷಯವೆಂದರೆ, ಸಂಘಟನೆಯು ಎಫ್‌ಬಿ ಡಾಟ್ ಆರ್ಗ್ ಎಂಬ ಹೆಸರನ್ನು ತನ್ನಲ್ಲೇ ಉಳಿಸಿಕೊಂಡಿತು. ಅದರ ಜಾಲತಾಣ ಅದೇ ಎರಡಕ್ಷರಗಳಲ್ಲಿ ಮುಂದುವರಿಯಿತು.

ಈ ಮೂರರಲ್ಲಿಯೂ ಬೆಲೆ ಹುಟ್ಟಿದ್ದು ಕೊಳ್ಳುವವನ ಅಗತ್ಯದಿಂದಲೇ ಹೊರತು ಹೆಸರಿನ ಅಂದದಿಂದಲ್ಲ. ಫೇಸ್‌ಬುಕ್ ಇಲ್ಲದಿದ್ದರೆ ಆ ಎರಡಕ್ಷರಗಳಿಗೆ ಇಷ್ಟು ಮೊತ್ತ ಬರುತ್ತಿತ್ತೆಂದು ಹೇಳುವುದು ಕಷ್ಟ. ಪೀಣ್ಯದ ಕಾರ್ಖಾನೆಯ ಹೆಸರಿಗೆ ವಾಯ್ಸ್ ಡಾಟ್ ಕಾಂನ ಬೆಲೆಯನ್ನು ಹೋಲಿಸುವುದು ತುಮಕೂರು ರಸ್ತೆಯ ನಿವೇಶನಕ್ಕೆ ಮುಂಬಯಿಯ ನರಿಮನ್ ಪಾಯಿಂಟ್ ದರ ಹೇಳಿದಂತೆ. ಅಂತರ್ಜಾಲದಲ್ಲಿ ಹೆಸರನ್ನು ಒತ್ತಿದರೆ ಕ್ಷಣಾರ್ಧದಲ್ಲಿ ಬೆಲೆ ತೋರಿಸುವ ಯಂತ್ರಗಳೂ ಇವೆ. ಅವುಗಳ ಅಂಕಿಯನ್ನು ಪಂಚಾಂಗದ ಮಳೆಯಂತೆ ಭಾವಿಸುವುದು ಕ್ಷೇಮ.

ಮೊದಲ ಉತ್ತರವೇ ದಾಖಲೆ

ಸಾಮಾನ್ಯ ಸರಕಿನ ವ್ಯಾಪಾರದಲ್ಲಿ ಹೆಚ್ಚಿನ ಬೆಲೆ ಹೇಳುವುದು ಅಪರಾಧವಲ್ಲ. ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ, ಅಷ್ಟೇ. ಡೊಮೇನ್ ಹೆಸರಿನಲ್ಲಿ ಹಾಗಲ್ಲ. ಕೆನಡಾದ ಮೈಕ್ ರೋ ಎಂಬ 17 ವರ್ಷದ ವಿದ್ಯಾರ್ಥಿ 2003ರಲ್ಲಿ ತನ್ನ ಹೆಸರಿಗೆ ಸಾಫ್ಟ್ ಎಂದು ಸೇರಿಸಿ ಮೈಕ್‌ರೋಸಾಫ್ಟ್ ಡಾಟ್ ಕಾಂ ಎಂದು ನೋಂದಾಯಿಸಿದ. ಉಚ್ಚಾರಣೆಯಲ್ಲಿ ಅದು ಮೈಕ್ರೋಸಾಫ್ಟ್. ಕಂಪನಿಯ ವಕೀಲರು ಅವನ ನೋಂದಣಿ ವೆಚ್ಚವಾಗಿ 10 ಡಾಲರ್ ಕೊಡಲು ಮುಂದೆ ಬಂದರು. ಹುಡುಗ 10,000 ಡಾಲರ್ ಕೇಳಿದ. ಆಮೇಲೆ ಬಂದದ್ದು 25 ಪುಟಗಳ ಕಾನೂನು ನೋಟಿಸು. ಹಣ ಕೇಳಿದ್ದೇ ದುರುದ್ದೇಶದ ಸಾಕ್ಷ್ಯವೆಂಬುದು ಅದರ ವಾದ. ಪತ್ರಿಕೆಗಳಲ್ಲಿ ಸುದ್ದಿಯಾಗಿ, ಕಂಪನಿಯೇ ಮುಜುಗರಕ್ಕೊಳಗಾಗಿ, 2004ರ ಜನವರಿಯಲ್ಲಿ ರಾಜಿಯಾಯಿತು. ಎಲ್ಲರಿಗೂ ಪತ್ರಿಕೆಗಳ ಬೆಂಬಲ ಸಿಗುವುದಿಲ್ಲ.

ಆ ವಾದಕ್ಕೆ ಆಧಾರವಿದೆ. ಡಾಟ್ ಕಾಂ ಮುಂತಾದ ಹೆಸರುಗಳ ವ್ಯಾಜ್ಯಕ್ಕೆ 1999ರಿಂದ ಜಾರಿಯಲ್ಲಿರುವ ಅಂತಾರಾಷ್ಟ್ರೀಯ ನಿಯಮಾವಳಿಯ ಪ್ರಕಾರ ದೂರುದಾರನು ಮೂರು ಅಂಶಗಳನ್ನು ಸಿದ್ಧಪಡಿಸಬೇಕು. ಹೆಸರು ತನ್ನ ಟ್ರೇಡ್ ಮಾರ್ಕನ್ನು ಹೋಲುತ್ತದೆ ಎಂಬುದು ಒಂದು. ನೋಂದಾಯಿಸಿಕೊಂಡವನಿಗೆ ಅದರಲ್ಲಿ ನ್ಯಾಯಯುತವಾದ ಹಿತಾಸಕ್ತಿಯಿಲ್ಲ ಎಂಬುದು ಇನ್ನೊಂದು. ದುರುದ್ದೇಶದಿಂದ ನೋಂದಾಯಿಸಿ ಬಳಸಲಾಗಿದೆ ಎಂಬುದು ಮೂರನೆಯದು. ಮಾರ್ಕಿನ ಒಡೆಯನಿಗೆ ಖರ್ಚಿಗಿಂತ ಹೆಚ್ಚಿನ ಬೆಲೆಗೆ ಮಾರುವುದೇ ಮುಖ್ಯ ಉದ್ದೇಶವಾಗಿ ಹೆಸರನ್ನು ಹಿಡಿದಿದ್ದರೆ ಅದು ದುರುದ್ದೇಶದ ಲಕ್ಷಣವೆಂದು ನಿಯಮದಲ್ಲೇ ಬರೆದಿದೆ. ಡಾಟ್ ಇನ್ ಹೆಸರುಗಳಿಗಾಗಿ ನಿಕ್ಸಿ ಸಂಸ್ಥೆ 2005ರಲ್ಲಿ ತಂದ ನಿಯಮಾವಳಿ ಇನ್ನೂ ಒಂದು ಹೆಜ್ಜೆ ಬಿಗಿಯಾಗಿದೆ. ಅಲ್ಲಿ ದುರುದ್ದೇಶದ ನೋಂದಣಿ ಅಥವಾ ದುರುದ್ದೇಶದ ಬಳಕೆ, ಎರಡರಲ್ಲಿ ಒಂದು ಸಾಬೀತಾದರೂ ಸಾಕು.

ನಮ್ಮ ನ್ಯಾಯಾಲಯಗಳ ನಿಲುವು ಸ್ಪಷ್ಟವಾದದ್ದು ಬೆಂಗಳೂರಿನಲ್ಲಿ ಹುಟ್ಟಿದ ಒಂದು ವ್ಯಾಜ್ಯದಿಂದ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಸತ್ಯಂ ಇನ್ಫೋವೇ ಕಂಪನಿಯ ಸಿಫಿನೆಟ್ ಎಂಬ ಹೆಸರಿಗೆ ಎದುರಾಗಿ ಮತ್ತೊಂದು ಕಂಪನಿ ಸಿಫ್ಫಿನೆಟ್ ಎಂಬ ಹೆಸರನ್ನು ಬಳಸತೊಡಗಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ನೀಡಿತು. ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ತೆರವುಗೊಳಿಸಿತು. ಸರ್ವೋಚ್ಚ ನ್ಯಾಯಾಲಯವು 2004ರ ಮೇ 6ರ ತೀರ್ಪಿನಲ್ಲಿ ತಡೆಯಾಜ್ಞೆಯನ್ನು ಮತ್ತೆ ಊರ್ಜಿತಗೊಳಿಸಿ, ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು, ಆದುದರಿಂದ ಇನ್ನೊಬ್ಬರ ಹೆಸರಿನ ನೆರಳಿನಲ್ಲಿ ಸರಕು ಸಾಗಿಸುವುದರ ವಿರುದ್ಧವಿರುವ ಪಾಸಿಂಗ್ ಆಫ್ ಕಾನೂನು ಇದಕ್ಕೂ ಅನ್ವಯಿಸುತ್ತದೆ ಎಂದು ಹೇಳಿತು.

2024ರ ಅಕ್ಟೋಬರ್‌ನಲ್ಲಿ ದೇಶಾದ್ಯಂತ ಸುದ್ದಿಯಾದ ಜಿಯೊಹಾಟ್‌ಸ್ಟಾರ್ ಪ್ರಕರಣವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಎರಡು ಕಂಪನಿಗಳು ಒಂದಾಗಬಹುದೆಂದು ಊಹಿಸಿ ದೆಹಲಿಯ ಒಬ್ಬ ತಂತ್ರಾಂಶ ಅಭಿವೃದ್ಧಿಕಾರ ಜಿಯೊಹಾಟ್‌ಸ್ಟಾರ್ ಡಾಟ್ ಕಾಂ ಹೆಸರನ್ನು ಮುಂಚಿತವಾಗಿಯೇ ನೋಂದಾಯಿಸಿದ್ದ. ತನ್ನ ಕೇಂಬ್ರಿಜ್ ವ್ಯಾಸಂಗದ ವೆಚ್ಚವಾಗಿ ಸುಮಾರು ಒಂದು ಕೋಟಿ ರೂಪಾಯಿಯನ್ನು ರಿಲಯನ್ಸ್ ಸಂಸ್ಥೆ ಭರಿಸಬೇಕೆಂದು ಅದೇ ಜಾಲತಾಣದಲ್ಲಿ ಬಹಿರಂಗ ಪತ್ರ ಬರೆದ. ಸಂಸ್ಥೆ ಒಪ್ಪಲಿಲ್ಲ. ಹೆಸರು ಆತನ ಕೈಬಿಟ್ಟು ದುಬೈನಲ್ಲಿರುವ ಇಬ್ಬರು ಎಳೆಯ ಒಡಹುಟ್ಟಿದವರ ಬಳಿ ಹೋಯಿತು. ಅವರು ಹಣ ಬೇಡವೆಂದು ಅದನ್ನು ಬಿಟ್ಟುಕೊಡಲು ಮುಂದಾದರು. 2025ರ ಫೆಬ್ರವರಿ 14ರಂದು ಜಿಯೊಹಾಟ್‌ಸ್ಟಾರ್ ಸೇವೆ ಆರಂಭವಾಯಿತು. ವ್ಯಾಸಂಗದ ಆಸೆ ಸಹಾನುಭೂತಿಗೆ ಅರ್ಹವೇ ಇರಬಹುದು. ಆದರೆ ಇನ್ನೊಬ್ಬರ ಮಾರ್ಕಿನ ಎರಡು ಅರ್ಧಗಳನ್ನು ಜೋಡಿಸಿ, ಏಕೆ ನೋಂದಾಯಿಸಿದೆ ಎಂಬುದನ್ನೂ ತಾನೇ ಬರೆದಿಟ್ಟವನಿಗೆ ಚೌಕಾಶಿಯ ಬಲ ಉಳಿಯುವುದಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನ ನಿಸ್ಸಾನ್ ಡಾಟ್ ಕಾಂನದು. ಅಮೆರಿಕದ ಉಜಿ ನಿಸ್ಸಾನ್ ಎಂಬ ಸಣ್ಣ ಕಂಪ್ಯೂಟರ್ ವ್ಯಾಪಾರಿಯ ಮನೆತನದ ಹೆಸರೇ ನಿಸ್ಸಾನ್. ಜಪಾನಿನ ಕಾರು ಕಂಪನಿ 1999ರಲ್ಲಿ 1 ಕೋಟಿ ಡಾಲರ್ ಪರಿಹಾರ ಕೋರಿ ದಾವೆ ಹೂಡಿದರೂ, ವರ್ಷಗಟ್ಟಲೆ ಹೋರಾಡಿದರೂ, ಅವರು 2020ರಲ್ಲಿ ತೀರಿಕೊಳ್ಳುವವರೆಗೆ ಹೆಸರು ಅವರಲ್ಲೇ ಉಳಿಯಿತು. ಸ್ವಂತ ಹೆಸರು, ಸ್ವಂತ ವ್ಯಾಪಾರ, ಪ್ರಾಮಾಣಿಕ ಬಳಕೆ ಇವೇ ಅವರ ಬಲ. ವಕೀಲರ ವೆಚ್ಚ ಮಾತ್ರ ಅವರನ್ನು ಹೈರಾಣ ಮಾಡಿತು.

ಹೀಗಿರುವಾಗ ಮೊದಲ ಪತ್ರಕ್ಕೆ ಕೊಡುವ ಉತ್ತರದಲ್ಲಿ ಅಂಕಿ ಇರಬಾರದು. "ಈ ಹೆಸರನ್ನು ನಮ್ಮ ಸಂಸ್ಥೆಯು 2006ರಿಂದ ತನ್ನ ವ್ಯಾಪಾರಕ್ಕಾಗಿ ಬಳಸುತ್ತಿದೆ. ಇದನ್ನು ಮಾರಾಟಕ್ಕೆ ಇಟ್ಟಿಲ್ಲ. ತಾವು ಯಾರ ಪರವಾಗಿ, ಯಾವ ಉದ್ದೇಶಕ್ಕೆ ಕೇಳುತ್ತಿರುವಿರಿ ಎಂಬುದನ್ನು ತಿಳಿಸಿ ಲಿಖಿತ ಪ್ರಸ್ತಾವ ಕಳುಹಿಸಿದಲ್ಲಿ ಪಾಲುದಾರರೊಡನೆ ವಿಚಾರ ಮಾಡಿ ಉತ್ತರಿಸಲಾಗುವುದು." ಇಷ್ಟೇ ಸಾಕು. ಈ ನಾಲ್ಕು ಸಾಲುಗಳು ಬಳಕೆಯನ್ನು ದಾಖಲಿಸುತ್ತವೆ, ಬಾಗಿಲನ್ನೂ ತೆರೆದಿಡುತ್ತವೆ. ಫೋನಿನಲ್ಲಿ ಬೆಲೆ ಮಾತನಾಡುವುದು, ವಾಟ್ಸಾಪ್‌ನಲ್ಲಿ ತಮಾಷೆಗೆ ಅಂಕಿ ಎಸೆಯುವುದು ಬೇಡ.

ಹೆಸರು ಯಾರದು?

ಉತ್ತರ ಬರೆಯುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ನೋಂದಣಿ ಯಾರ ಹೆಸರಿನಲ್ಲಿದೆ ಎಂಬುದನ್ನು ರಿಜಿಸ್ಟ್ರಾರ್ ಖಾತೆಯಲ್ಲಿ ನೋಡಿಕೊಳ್ಳಬೇಕು. ಜಾಲತಾಣ ಮಾಡಿಕೊಟ್ಟ ಹುಡುಗನೇ ತನ್ನ ಹೆಸರಿನಲ್ಲಿ, ತನ್ನ ಇ-ಮೇಲ್‌ನಲ್ಲಿ ನೋಂದಾಯಿಸಿ, ವರ್ಷಕ್ಕೊಮ್ಮೆ ಬಂದು ನವೀಕರಣದ ಹಣ ಪಡೆದು ಹೋಗುವ ಪದ್ಧತಿ ಸಣ್ಣ ಉದ್ಯಮಗಳಲ್ಲಿ ಸರ್ವೇಸಾಮಾನ್ಯ. ರಸೀದಿ ಕಾರ್ಖಾನೆಯ ಹೆಸರಿನಲ್ಲಿದ್ದರೂ ದಫ್ತರದಲ್ಲಿರುವುದು ಅವನ ಹೆಸರು. ಇದನ್ನು ಸರಿಪಡಿಸಿಕೊಳ್ಳುವವರೆಗೆ ಗಿರಾಕಿ ಬಂದಿರುವ ವಿಷಯ ಹೊರಗೆ ಹೋಗದಿರುವುದು ಒಳ್ಳೆಯದು. ಸುಳಿವು ಸಿಕ್ಕರೆ ಮಾರಾಟಗಾರ ಅವನೇ ಆಗುತ್ತಾನೆ. ಪಾಲುದಾರಿಕೆಯಾದರೆ ಎಲ್ಲ ಪಾಲುದಾರರ ಲಿಖಿತ ಒಪ್ಪಿಗೆ, ಕಂಪನಿಯಾದರೆ ನಿರ್ದೇಶಕ ಮಂಡಳಿಯ ನಿರ್ಣಯ ಇರತಕ್ಕದ್ದು. ಅಣ್ಣತಮ್ಮಂದಿರು ಬೇರೆಯಾದ ಸಂಸಾರಗಳಲ್ಲಿ ಗಿರಣಿ ಒಬ್ಬರಿಗೆ, ಹೆಸರು ಇನ್ನೊಬ್ಬರಿಗೆ ಹೋಗಿರುವ ಸಂದರ್ಭಗಳೂ ಉಂಟು.

ಮಾತುಕತೆಯ ನಡುವೆ ನವೀಕರಣದ ದಿನಾಂಕ ತಪ್ಪಿಸಬಾರದೆಂಬುದೂ ಇಲ್ಲಿಯೇ ಹೇಳಬೇಕಾದ ಮಾತು. ಅವಧಿ ಮುಗಿದ ಡಾಟ್ ಕಾಂ ಹೆಸರಿಗೆ ಕೆಲವು ವಾರಗಳ ರಿಯಾಯಿತಿ ಕಾಲ, ಬಳಿಕ ಹೆಚ್ಚಿನ ಶುಲ್ಕದ ಮೇಲೆ ಬಿಡಿಸಿಕೊಳ್ಳಲು 30 ದಿನ, ಕೊನೆಗೆ 5 ದಿನ ಕಾದು ದಫ್ತರದಿಂದ ತೆಗೆದುಹಾಕುವಿಕೆ, ಹೀಗೆ ಕ್ರಮವಿದೆ. ಲಕ್ಷ ರೂಪಾಯಿ ಕೊಡಬೇಕಾದ ಗಿರಾಕಿ ಆ ದಿನಕ್ಕಾಗಿ ಸುಮ್ಮನೆ ಕಾಯಬಲ್ಲ.

ಗಿರಾಕಿ ನಿಜವೇ?

ಅಪರಿಚಿತ ಪತ್ರಗಳಲ್ಲಿ ಮೋಸದವು ಇಲ್ಲವೆಂದಲ್ಲ. ಬಹಳ ಹಳೆಯದೊಂದು ತಂತ್ರ ಇಂದಿಗೂ ನಡೆಯುತ್ತಿದೆ. ಕೊಳ್ಳುವವನು ಚೌಕಾಶಿಯನ್ನೇ ಮಾಡದೆ ಭಾರಿ ಮೊತ್ತಕ್ಕೆ ಒಪ್ಪುತ್ತಾನೆ. ಆದರೆ ಹೆಸರಿನ ಮೌಲ್ಯಮಾಪನ ಪತ್ರವೊಂದು ಬೇಕು, ಅದನ್ನು ಇಂಥದೇ ತಾಣದಿಂದ ಮಾಡಿಸಬೇಕು ಎನ್ನುತ್ತಾನೆ. ಅದರ ಶುಲ್ಕ ಕಟ್ಟಿದ ಮೇಲೆ ಗಿರಾಕಿಯೂ ಇಲ್ಲ, ತಾಣವೂ ಇಲ್ಲ. ಇನ್ನೊಂದು ಬಗೆಯಲ್ಲಿ ಹೆಸರಿನ ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತವನ್ನು ಹಣಕ್ಕಿಂತ ಮೊದಲೇ ಕೇಳಲಾಗುತ್ತದೆ. ಆ ಸಂಕೇತ ಕೊಡುವುದೆಂದರೆ ಸಹಿ ಹಾಕಿದ ಖಾಲಿ ಚೆಕ್ಕು ಕೊಟ್ಟಂತೆ.

ಗಿರಾಕಿ ತನ್ನ ನಿಜವಾದ ಗುರುತನ್ನು ಮರೆಮಾಚುವುದು ಮಾತ್ರ ಮೋಸವಲ್ಲ, ಅದು ವ್ಯಾಪಾರದ ಭಾಗ. ನಮ್ಮ ದನದ ಜಾತ್ರೆಗಳಲ್ಲಿ ದಲಾಲರು ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ತಿಳಿಸುವುದೇಕೆ? ಸುತ್ತ ನಿಂತವರಿಗೆ ಅಂಕಿ ಗೊತ್ತಾಗದಿರಲೆಂದು. ದೊಡ್ಡ ಕಂಪನಿಗಳು ದಲ್ಲಾಳಿಗಳ ಮೂಲಕ, ಸಣ್ಣ ಯೋಜನೆಯೊಂದಕ್ಕೆ ಬೇಕಾಗಿದೆ ಎಂಬಂತೆ ಬರೆಸುವುದೂ ಇದೇ ಕಾರಣಕ್ಕೆ.

ಬಿಟ್ಟುಕೊಡುವ ಬೆಲೆ

ವಿಷಯ ಸ್ಪಷ್ಟವಾಗಲು ಒಂದು ಕಾಲ್ಪನಿಕ ಲೆಕ್ಕವನ್ನು ತೆಗೆದುಕೊಳ್ಳಬಹುದು. ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿ ಇದೆಯೆನ್ನೋಣ. ಮೂವರು ಪಾಲುದಾರರ ಮೊದಲಕ್ಷರಗಳಿಂದ ಮಾಡಿದ ಆರಕ್ಷರದ ಡಾಟ್ ಕಾಂ ಹೆಸರನ್ನು 2006ರಲ್ಲಿ ನೋಂದಾಯಿಸಲಾಗಿದೆ. ಅದಕ್ಕೆ 25,000 ರೂಪಾಯಿ ಕೊಡುವುದಾಗಿ ದಲ್ಲಾಳಿಯ ಪತ್ರ ಬರುತ್ತದೆ. ವರ್ಷಕ್ಕೆ ಸಾವಿರ ಚಿಲ್ಲರೆ ಶುಲ್ಕ ಕಟ್ಟುವ ಹೆಸರಿಗೆ ಇದು ಲಾಭವೆಂದೇ ತೋರುತ್ತದೆ. ಲೆಕ್ಕಪತ್ರದಲ್ಲಿ ಆ ಹೆಸರಿನ ಸುಳಿವೇ ಇಲ್ಲ. ನವೀಕರಣ ಶುಲ್ಕವನ್ನು ಆಯಾ ವರ್ಷದ ಖರ್ಚಿಗೆ ಹಾಕಲಾಗಿದೆ, ಸ್ವತಃ ಬೆಳೆಸಿದ ಹೆಸರನ್ನು ಆಸ್ತಿಯೆಂದು ತೋರಿಸಲು ಅಮೂರ್ತ ಆಸ್ತಿಗಳ ಕುರಿತ 26ನೆಯ ಲೆಕ್ಕಪತ್ರ ಮಾನಕವೂ ಬಿಡುವುದಿಲ್ಲ. ಹೀಗಾಗಿ ಆಸ್ತಿ ಪಟ್ಟಿಯಲ್ಲಿ ಹುಡುಕಿ ಬೆಲೆ ನಿರ್ಧರಿಸುವಂತಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ: ಈ ಹೆಸರು ನಾಳೆ ಇಲ್ಲವಾದರೆ ಫೌಂಡ್ರಿಗೆ ಏನು ಖರ್ಚು? ಫಲಕ, ಪೆಟ್ಟಿಗೆ, ಕ್ಯಾಟಲಾಗು, ಬಿಲ್ ಪುಸ್ತಕಗಳನ್ನು ಮತ್ತೆ ಮುದ್ರಿಸಲು 1.2 ಲಕ್ಷ. ಹೊಸ ಜಾಲತಾಣ, ಇ-ಮೇಲ್ ವ್ಯವಸ್ಥೆಗೆ 60,000. ಹಳೆಯ ಗಿರಾಕಿಗಳಿಗೆಲ್ಲ ತಿಳಿಸಲು, ಅವರ ಖರೀದಿ ವಿಭಾಗಗಳಲ್ಲಿ ವಿಳಾಸ ಬದಲಿಸಿಸಲು ಸಿಬ್ಬಂದಿಯ ಸಮಯಕ್ಕೆ 70,000. ಹಳೆಯ ವಿಳಾಸಕ್ಕೆ ಬರೆದು ಉತ್ತರ ಕಾಣದೆ ಕೊಲ್ಹಾಪುರದ ಫೌಂಡ್ರಿಗೆ ಹೋಗುವ ವಿಚಾರಣೆಗಳ ನಷ್ಟ ಎರಡು ವರ್ಷಕ್ಕೆ 2 ಲಕ್ಷ. ಒಟ್ಟು 4.5 ಲಕ್ಷ. ಇದಕ್ಕಿಂತ ಕಡಿಮೆ ಬಂದರೆ ಮಾರುವುದು ನಷ್ಟದ ಬಾಬತ್ತು. ಈ ಅಂಕಿಯನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯಲ್ಲಿಡಬೇಕು, ಗಿರಾಕಿಗೆ ಹೇಳಬಾರದು.

ಇನ್ನು ಎದುರು ಪಕ್ಷದ ಲೆಕ್ಕ. ಅದೇ ಆರಕ್ಷರಗಳ ಹೆಸರಿನಲ್ಲಿ ಬೆಂಗಳೂರಿನ ಹೊಸ ಕಂಪನಿಯೊಂದು ಮೊಬೈಲ್ ಸೇವೆ ನಡೆಸುತ್ತಿದೆ, ಅದರ ವಿಳಾಸ ಉದ್ದವಾಗಿದೆ ಎಂದು ಅಂತರ್ಜಾಲದಲ್ಲಿ ತಿಳಿದುಬರುತ್ತದೆ. ಅದಕ್ಕಿಂತ ಬಲವಾದ ಸುಳಿವು ಫೌಂಡ್ರಿಯ ಇ-ಮೇಲ್ ಪೆಟ್ಟಿಗೆಯಲ್ಲೇ ಇರಬಹುದು: ಆ ಕಂಪನಿಗೆ ಹೋಗಬೇಕಾದ ಪತ್ರಗಳು ತಪ್ಪಿ ಇಲ್ಲಿಗೆ ಬರುತ್ತಿವೆ. ಅವುಗಳನ್ನು ಓದಿ ಉಪಯೋಗಿಸಿಕೊಳ್ಳುವುದು ತಪ್ಪು, ಹಿಂದಿರುಗಿಸುವುದೇ ಮರ್ಯಾದೆ. ಆದರೆ ತಪ್ಪಿ ಬರುತ್ತಿವೆ ಎಂಬ ಸಂಗತಿಯೇ ಗಿರಾಕಿಯ ಅಗತ್ಯವನ್ನು ತೋರಿಸುತ್ತದೆ. ಆ ಕಂಪನಿಗಿಂತ ಎಷ್ಟೋ ವರ್ಷ ಮೊದಲೇ ಹೆಸರು ಬಳಕೆಯಲ್ಲಿರುವುದರಿಂದ ದುರುದ್ದೇಶದ ಆರೋಪಕ್ಕೆ ಹೆಚ್ಚಿನ ಬಲವಿರದು. ಹಳೆಯ ಬಿಲ್ಲುಗಳು, ಕ್ಯಾಟಲಾಗುಗಳು ಇದಕ್ಕೆ ಸಾಕ್ಷಿ.

ಅಂಕಿಯಿಲ್ಲದ ಉತ್ತರಕ್ಕೆ ಪ್ರತಿಯಾಗಿ ಗಿರಾಕಿ 1.5 ಲಕ್ಷಕ್ಕೆ ಬಂದನೆನ್ನೋಣ. ಇನ್ನೂ ಮೌನವಾಗಿರುವುದು ಜಾಣತನವಲ್ಲ. ಗಿರಾಕಿ ಬೇಸತ್ತು ತನ್ನ ಸೇವೆಯ ಹೆಸರನ್ನೇ ಬದಲಿಸಿದರೆ ಬೆಲೆ ಶೂನ್ಯಕ್ಕಿಳಿಯುತ್ತದೆ. ಈಗ ಕಾರಣಸಹಿತವಾಗಿ 14 ಲಕ್ಷ ಎಂದು ಹೇಳಬಹುದು: ಇಷ್ಟು ವರ್ಷದ ಬಳಕೆ, ಸ್ಥಳಾಂತರದ ವೆಚ್ಚ, ಗಿರಾಕಿಗಳ ಗೊಂದಲ. ಕಾರಣವಿಲ್ಲದ ಅಂಕಿಗೆ ಕಾರಣವಿಲ್ಲದ ಅಂಕಿಯೇ ಉತ್ತರವಾಗಿ ಬರುತ್ತದೆ. ಗಿರಾಕಿ 6 ಎಂದರೆ ಫೌಂಡ್ರಿ 10.5 ಎನ್ನಬಹುದು. ಅಲ್ಲಿಂದ ಮುಂದೆ ಬೆಲೆಯನ್ನು ಸುಮ್ಮನೆ ಇಳಿಸದೆ, ಇಳಿಸಿದ್ದಕ್ಕೆ ಪ್ರತಿಯಾಗಿ ಒಂದು ಷರತ್ತನ್ನು ಪಡೆಯಬೇಕು. 9 ಲಕ್ಷಕ್ಕೆ ಒಪ್ಪಿಗೆ, ಆದರೆ 12 ತಿಂಗಳವರೆಗೆ ಫೌಂಡ್ರಿಯ ಹಳೆಯ ಇ-ಮೇಲ್ ವಿಳಾಸಗಳಿಗೆ ಬರುವ ಪತ್ರಗಳನ್ನು ಹೊಸ ವಿಳಾಸಕ್ಕೆ ದಾಟಿಸತಕ್ಕದ್ದು. ಗಿರಾಕಿಗೆ ಇದು ಖರ್ಚಿಲ್ಲದ ಕೆಲಸ, ಫೌಂಡ್ರಿಗೆ ಲಕ್ಷಾಂತರ ಬೆಲೆಯದು. ಒಮ್ಮೆಗೇ ಹಣ ಹೊಂದಿಸಲಾಗದ ಗಿರಾಕಿಯಾದರೆ ಕಂತಿನ ಮೇಲೆ ಕೊಡಬಹುದು. ಆದರೆ ಕೊನೆಯ ಕಂತಿನವರೆಗೆ ನೋಂದಣಿ ಮಾರುವವರ ಹೆಸರಿನಲ್ಲೇ ಇರಬೇಕು.

ಮಾರುವುದು ಡೊಮೇನ್ ಹೆಸರನ್ನು ಮಾತ್ರವೇ ಹೊರತು ಸಂಸ್ಥೆಯ ಹೆಸರನ್ನಲ್ಲ, ಎರಕದ ಮೇಲೆ ಹಾಕುವ ಮುದ್ರೆಯನ್ನಲ್ಲ ಎಂಬುದು ಕರಾರಿನಲ್ಲಿ ಸ್ಪಷ್ಟವಾಗಿರಬೇಕು. ಡಾಟ್ ಇನ್ ಹೆಸರೂ ಇದ್ದರೆ ಫಾರ್ಮ್ ಬ್ಯೂರೊ ಮಾಡಿದಂತೆ ಅದನ್ನು ಉಳಿಸಿಕೊಳ್ಳುವ ಹಕ್ಕನ್ನು ಬರೆಸಿಕೊಳ್ಳಬೇಕು.

ಇ-ಮೇಲ್ ಎಂಬ ಮರೆತ ಬಾಗಿಲು

ಡೊಮೇನ್ ಹೆಸರು ಕೈ ಬದಲಾದ ಕ್ಷಣದಿಂದ ಅದರಡಿಯ ಯಾವುದೇ ಇ-ಮೇಲ್ ವಿಳಾಸಕ್ಕೆ ಬರುವ ಪತ್ರ ಹೊಸ ಒಡೆಯನ ಕೈ ಸೇರುತ್ತದೆ. ಹೆಚ್ಚಿನ ಮಾರಾಟಗಾರರು ಇದನ್ನು ಗಿರಾಕಿಗಳ ಪತ್ರಗಳಿಗೆ ಸಂಬಂಧಿಸಿದ ಅನಾನುಕೂಲವೆಂದಷ್ಟೇ ತಿಳಿಯುತ್ತಾರೆ. ನಿಜವಾದ ಅಪಾಯ ಬೇರೆಡೆ ಇದೆ. ಜಿಎಸ್‌ಟಿ ಪೋರ್ಟಲ್, ಆದಾಯ ತೆರಿಗೆ ಇ-ಫೈಲಿಂಗ್, ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್, ಭವಿಷ್ಯ ನಿಧಿ, ರಫ್ತುದಾರರಾದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಬ್ಯಾಂಕು, ಡಿಜಿಟಲ್ ಸಹಿ, ಗೂಗಲ್ ಖಾತೆ, ಇವೆಲ್ಲದರಲ್ಲಿ ಕಾರ್ಖಾನೆಯ ಅದೇ ಇ-ಮೇಲ್ ದಾಖಲಾಗಿರುತ್ತದೆ. ಗುಪ್ತಪದ ಮರೆತಿದೆ ಎಂಬ ಗುಂಡಿ ಒತ್ತಿದರೆ ಹೊಸ ಗುಪ್ತಪದದ ದಾರಿ ಆ ವಿಳಾಸಕ್ಕೇ ಹೋಗುತ್ತದೆ. ತೆರಿಗೆ ನೋಟಿಸೂ ಅಲ್ಲಿಗೇ ಹೋಗುತ್ತದೆ. ಅದನ್ನು ಕಾಣದೆ ಉತ್ತರದ ಗಡುವು ದಾಟಿತೆಂದರೆ ಇ-ಮೇಲ್ ಮಾರಿದ್ದೆವು ಎಂಬ ಸಬೂಬನ್ನು ಅಧಿಕಾರಿ ಒಪ್ಪಬೇಕಾಗಿಲ್ಲ.

ಆದುದರಿಂದ ಬೆಲೆ ಕುದುರಿದ ಮೇಲೆ, ಹೆಸರು ವರ್ಗಾವಣೆಯಾಗುವ ಮುನ್ನ, ಕನಿಷ್ಠ ಒಂದು ತಿಂಗಳ ಕಾಲಾವಕಾಶ ಪಡೆದು ಎಲ್ಲ ಕಡೆ ವಿಳಾಸ ಬದಲಿಸುವುದು ಅನಿವಾರ್ಯ. ಹಳೆಯ ಪತ್ರಗಳ ಪ್ರತಿ ತೆಗೆದಿಡುವುದೂ ಅಗತ್ಯ. ಹಲವು ವರ್ಷಗಳ ದರಪಟ್ಟಿ, ಆದೇಶಗಳೆಲ್ಲ ಆ ಪೆಟ್ಟಿಗೆಯಲ್ಲೇ ಇರುತ್ತವೆ.

ಹಣ ಮತ್ತು ಹಸ್ತಾಂತರ

ಹಣ ಮೊದಲೋ ಹೆಸರು ಮೊದಲೋ ಎಂಬ ಜಗಳಕ್ಕೆ ಎಸ್ಕ್ರೊ ವ್ಯವಸ್ಥೆಯೇ ಪರಿಹಾರ. ಗಿರಾಕಿ ಹಣವನ್ನು ಮೂರನೆಯ ಸಂಸ್ಥೆಯಲ್ಲಿ ಇಡುತ್ತಾನೆ. ಇಟ್ಟಿರುವುದನ್ನು ಆ ಸಂಸ್ಥೆ ಖಚಿತಪಡಿಸಿದ ಮೇಲೆ ಹೆಸರು ವರ್ಗಾವಣೆಯಾಗುತ್ತದೆ. ಗಿರಾಕಿ ಸ್ವೀಕರಿಸಿದ ಮೇಲೆ ಹಣ ಬಿಡುಗಡೆಯಾಗುತ್ತದೆ. ಶುಲ್ಕ ಯಾರದೆಂದು ಮೊದಲೇ ಬರೆದುಕೊಳ್ಳಬೇಕು. ಎಸ್ಕ್ರೊ ಸಂಸ್ಥೆಯನ್ನು ಗಿರಾಕಿ ಕಳುಹಿಸಿದ ಕೊಂಡಿಯಿಂದ ತೆರೆಯದೆ ಸ್ವತಃ ಹುಡುಕಿ ತೆರೆಯಬೇಕು. ನಕಲಿ ಎಸ್ಕ್ರೊ ತಾಣಗಳೂ ಇವೆ. ಇಬ್ಬರೂ ಒಂದೇ ರಿಜಿಸ್ಟ್ರಾರ್ ಬಳಿ ಖಾತೆ ಹೊಂದಿದ್ದರೆ ವರ್ಗಾವಣೆ ಬೇಗ ಮುಗಿಯುತ್ತದೆ.

ತೆರಿಗೆಯ ಲೆಕ್ಕವನ್ನು ಬೆಲೆ ಒಪ್ಪುವ ಮೊದಲೇ ಮಾಡಬೇಕು. ಮಾರುವ ಸಂಸ್ಥೆ ಜಿಎಸ್‌ಟಿ ನೋಂದಾಯಿತವಾಗಿದ್ದರೆ ಸಾಮಾನ್ಯವಾಗಿ ಶೇಕಡ 18ರ ತೆರಿಗೆ ಬರುತ್ತದೆ. 9 ಲಕ್ಷ ಎಂದಷ್ಟೇ ಒಪ್ಪಿ, ತೆರಿಗೆ ಅದರಲ್ಲೇ ಸೇರಿದೆ ಎಂದಾದರೆ ಕೈಗೆ ಉಳಿಯುವುದು 7,62,712 ರೂಪಾಯಿ. ತೆರಿಗೆ ಪ್ರತ್ಯೇಕ ಎಂದಿದ್ದರೆ ಗಿರಾಕಿಯಿಂದ 1,62,000 ಹೆಚ್ಚುವರಿಯಾಗಿ ಬರುತ್ತದೆ. ನೋಂದಾಯಿತ ಗಿರಾಕಿಗೆ ಅದು ಸಾಧಾರಣವಾಗಿ ಹೂಡುವಳಿ ತೆರಿಗೆ ಜಮೆಯಾಗಿ ದೊರೆಯುವುದರಿಂದ ಆತ ಹೆಚ್ಚು ಆಕ್ಷೇಪಿಸುವುದಿಲ್ಲ. ಎರಡೇ ಶಬ್ದಗಳಿಗೆ ಒಂದೂಕಾಲು ಲಕ್ಷಕ್ಕೂ ಮೀರಿದ ಬೆಲೆ.

ಆದಾಯ ತೆರಿಗೆಯಲ್ಲಿ, ಸ್ವಂತ ಬಳಕೆಗೆ ನೋಂದಾಯಿಸಿ 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಹೆಸರಿನ ಮಾರಾಟ ದೀರ್ಘಾವಧಿ ಬಂಡವಾಳ ಲಾಭವೆಂದು ಪರಿಗಣಿತವಾಗುತ್ತದೆ. ಕೊಂಡ ಬೆಲೆ ಎಂಬುದಿಲ್ಲದ ಅಮೂರ್ತ ಆಸ್ತಿಗಳ ವೆಚ್ಚವನ್ನು ಶೂನ್ಯವೆಂದು ಎಣಿಸಬೇಕೆಂಬ ತಿದ್ದುಪಡಿ 2023ರ ಹಣಕಾಸು ಕಾಯಿದೆಯಲ್ಲಿ ಬಂದಿದೆ. 2024ರ ಜುಲೈ 23ರಿಂದ ದರ ಶೇಕಡ 12.5. ಅಂದರೆ 9 ಲಕ್ಷದ ಮೇಲೆ 1,12,500, ಶೇಕಡ 4ರ ಸೆಸ್ ಸೇರಿ 1,17,000 ರೂಪಾಯಿ. ಹೆಸರನ್ನು ಬೇರೆಯವರಿಂದ ಕೊಂಡು ಸವಕಳಿ ಪಡೆದಿದ್ದರೆ ಈ ರಿಯಾಯಿತಿ ದರ ಸಿಗದು. ಹತ್ತಾರು ಹೆಸರುಗಳನ್ನು ಕೊಂಡು ಮಾರುವವರಿಗೆ ಅದು ವ್ಯಾಪಾರದ ಆದಾಯವೇ ಸರಿ.

ಮಾರ್ಚ್ ತಿಂಗಳಲ್ಲಿ ನಡೆಯುವ ವ್ಯವಹಾರಗಳಲ್ಲಿ ಇನ್ನೊಂದು ತೊಡಕಿದೆ. ಹೆಸರು ಮಾರ್ಚ್ 29ರಂದು ವರ್ಗಾವಣೆಯಾಗಿ, ಎಸ್ಕ್ರೊ ಹಣ ಏಪ್ರಿಲ್ 2ರಂದು ಬ್ಯಾಂಕಿಗೆ ಬಂದರೂ, ಬಂಡವಾಳ ಲಾಭ ಸೇರುವುದು ವರ್ಗಾವಣೆಯಾದ ಹಳೆಯ ವರ್ಷಕ್ಕೆ. ಅದರ ಮುಂಗಡ ತೆರಿಗೆಯನ್ನು ಮಾರ್ಚ್ 31ರೊಳಗೆ, ಹಣ ಕೈಗೆ ಬರುವ ಮೊದಲೇ, ಕಟ್ಟಬೇಕಾಗುತ್ತದೆ. ಗಿರಾಕಿಗೆ ತೀರ ಅವಸರವಿಲ್ಲದಿದ್ದರೆ ವರ್ಗಾವಣೆಯ ದಿನಾಂಕವನ್ನು ಏಪ್ರಿಲ್ ಮೊದಲ ವಾರಕ್ಕೆ ಇಟ್ಟುಕೊಳ್ಳುವಂತೆ ಕೇಳಬಹುದು.